ಮನಸ್ಸಿನಲ್ಲಿ ಪ್ರೀತಿ ಹುಟ್ಟುತ್ತಿಲ್ಲ. ಅಣ್ಣ ಕೇಳಿದ ಸಹಿ ಹಾಕಿಬಿಡಲೇ?

ಪ್ರಶ್ನೆ: ನಾನು ಉಡುಪಿ ಹತ್ತಿರದ ಹಳ್ಳಿಯವಳು, ವಯಸ್ಸು 46, ಕಥೋಲಿಕ ಕುಟುಂಬ. ಅಣ್ಣ ಮತ್ತು ನಾನು, ಇಬ್ಬರೇ ಮಕ್ಕಳು. ಅಪ್ಪ ತೀರಿಕೊಂಡು ತುಂಬಾ ವರ್ಷವಾಯಿತು. ಹಾಸಿಗೆ ಹಿಡಿದ ಅಮ್ಮನನ್ನು ಆರು ವರ್ಷ ನೋಡಿಕೊಂಡದ್ದು ನಾನು. ಕುವೈತಿನಲ್ಲಿದ್ದ ಅಣ್ಣ ತಿಂಗಳು ತಿಂಗಳು ಹಣ ಕಳಿಸುತ್ತಿದ್ದ. ಕಳೆದ ವರ್ಷ ಅಮ್ಮ ಹೋದರು. ಉಯಿಲು ಬರೆದಿಲ್ಲ. ಹೆಂಚಿನ ಮನೆ, 62 ಸೆಂಟ್ಸ್ ತೋಟ ಎಲ್ಲ ಅವರ ಹೆಸರಿನಲ್ಲೇ ಇದೆ. ಊರಿಗೆ ಬಂದು ನೆಲೆಸಿದ ಅಣ್ಣ ಈಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅನ್ನುತ್ತಾನೆ. ‘ನಿನ್ನ ಮದುವೆಗೆ ಕೊಟ್ಟಾಗಿದೆ. ಪ್ರೀತಿ ಇದ್ದರೆ ಪಾಲು ಕೇಳುತ್ತಾರಾ? ಕ್ರೈಸ್ತರಾದವರು ಕೋರ್ಟಿಗೆ ಹೋಗುತ್ತಾರಾ?’ ಎಂಬುದು ಅವನ ಮಾತು. ಅತ್ತಿಗೆ ಮಾತು ಬಿಟ್ಟಿದ್ದಾರೆ, ಮಕ್ಕಳನ್ನು ನಮ್ಮ ಮನೆಗೆ ಕಳಿಸುತ್ತಿಲ್ಲ. ಇಗರ್ಜಿಯ ಬಲಿಪೂಜೆಯಲ್ಲಿ ಎರಡು ಬೆಂಚು ಮುಂದೆ ಅಣ್ಣ ಕೂತಿರುತ್ತಾನೆ. ಪರಸ್ಪರ ಶಾಂತಿ ಕೋರುವಾಗ ನನ್ನ ಕೈ ಮೇಲೇಳುವುದಿಲ್ಲ. ‘ಪ್ರೀತಿಯು ತಾಳ್ಮೆಯುಳ್ಳದ್ದು’ ಎಂಬ ವಾಚನ ಕೇಳಿದಾಗ ನಾನು ನಾಟಕ ಮಾಡುತ್ತಿದ್ದೇನೆ ಅನ್ನಿಸಿ, ಪೂಜೆಯಲ್ಲಿ ಕೊಡುವ ಪರಮ ಪ್ರಸಾದವನ್ನು ನಾಲ್ಕು ತಿಂಗಳಿಂದ ಸ್ವೀಕರಿಸಿಲ್ಲ. ಪ್ರೀತಿಯೇ ಹುಟ್ಟದಿದ್ದರೆ ನನ್ನ ವಿಶ್ವಾಸಕ್ಕೆ ಬೆಲೆ ಏನು? ಕ್ಷಮಿಸುವುದೆಂದರೆ ಸಹಿ ಹಾಕುವುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಅಣ್ಣನ ಮೇಲೆ ಪ್ರೀತಿಯ ಭಾವನೆ ಬರುತ್ತಿಲ್ಲ ಎಂಬುದು ಒಂದು. ಅವನನ್ನು ಕ್ಷಮಿಸಬೇಕೇ ಎಂಬುದು ಇನ್ನೊಂದು. ಆಸ್ತಿಯ ಪಾಲು ಬಿಡಬೇಕೇ ಎಂಬುದು ಮತ್ತೊಂದು. ‘ಪ್ರೀತಿ ಇದ್ದರೆ ಸಹಿ ಹಾಕು’ ಎಂಬ ಒಂದೇ ವಾಕ್ಯದಲ್ಲಿ ನಿಮ್ಮ ಅಣ್ಣ ಮೂರನ್ನೂ ಸೇರಿಸಿ ಕಟ್ಟಿದ್ದಾರೆ. ಆ ಗಂಟನ್ನು ನೀವೂ ಹಾಗೆಯೇ ಒಪ್ಪಿಕೊಂಡಿದ್ದೀರಿ. ಮೊದಲು ಅದನ್ನು ಬಿಚ್ಚೋಣ.

ಭಾವನೆಯ ಮಾತಿನಿಂದ ಶುರುಮಾಡುತ್ತೇನೆ, ಏಕೆಂದರೆ ನಿಮ್ಮ ನಾಲ್ಕು ತಿಂಗಳ ಸಂಕಟ ಇಲ್ಲಿಯದು. ಬೈಬಲಿನ ಮೋಶೆಯ ಧರ್ಮಶಾಸ್ತ್ರದಲ್ಲಿ, ವಿಮೋಚನಕಾಂಡದ 23ನೇ ಅಧ್ಯಾಯದಲ್ಲಿ, ಒಂದು ಸಣ್ಣ ನಿಯಮವಿದೆ. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿರುವುದನ್ನು ಕಂಡರೆ ನೋಡಿಯೂ ನೋಡದಂತೆ ಹೋಗಬೇಡ, ಎಬ್ಬಿಸಲು ನೆರವಾಗು ಎಂದು. ಆ ಹೊತ್ತಿನಲ್ಲಿ ಅವನ ಬಗ್ಗೆ ನಿನ್ನ ಮನಸ್ಸಿನಲ್ಲಿ ಏನಿರಬೇಕೆಂದು ಅಲ್ಲಿ ಹೇಳಿಲ್ಲ. ಕತ್ತೆ ಎದ್ದು ನಿಲ್ಲಬೇಕು, ಅಷ್ಟೆ. ಯೇಸು ಶತ್ರುವನ್ನು ಪ್ರೀತಿಸಿ ಎಂದಾಗಲೂ ಲೂಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಅದರ ಹಿಂದೆಯೇ ಮೂರು ಕೆಲಸಗಳು ಬರುತ್ತವೆ: ಒಳ್ಳೆಯದನ್ನು ಮಾಡಿ, ಹರಸಿ, ಪ್ರಾರ್ಥಿಸಿ. ಮೂರನ್ನೂ ಒಣಗಿದ ಮನಸ್ಸಿನಿಂದಲೂ ಮಾಡಬಹುದು. ಹದಿಮೂರನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಅರಿಸ್ಟಾಟಲನ ಮಾತನ್ನೇ ಎತ್ತಿಕೊಂಡು ಹೇಳಿದ್ದು ಇದನ್ನೇ: ಪ್ರೀತಿಸುವುದೆಂದರೆ ಇನ್ನೊಬ್ಬರಿಗೆ ಒಳಿತನ್ನು ಬಯಸುವುದು. ಬಯಸುವುದು ಸಂಕಲ್ಪದ ಕೆಲಸ. ಭಾವನೆ ಜೊತೆಗೆ ಬಂದರೆ ಸಂತೋಷ, ಬಾರದಿದ್ದರೆ ಪಾಪವಲ್ಲ.

ಪ್ರಬೋಧನೆಗಳಲ್ಲಿ ಕೇಳಿ ಅನೇಕರು ನಂಬಿರುವ ಒಂದು ಮಾತನ್ನು ಇಲ್ಲೇ ತೆಗೆದುಹಾಕಿದರೆ ಒಳ್ಳೆಯದು. ಹೊಸ ಒಡಂಬಡಿಕೆಯ ಮೂಲವಾದ ಗ್ರೀಕ್ ಭಾಷೆಯ ‘ಅಗಾಪೆ’ ಎಂದರೆ ದೈವಿಕವಾದ, ಕಲ್ಮಶವಿಲ್ಲದ ಪ್ರೀತಿ, ಉಳಿದ ಪದಗಳು ಕೆಳಗಿನವು ಎಂಬುದು ಆ ಮಾತು. ಪದ ಅಷ್ಟು ಪವಿತ್ರವೇನಲ್ಲ. ಜೊತೆಗಾರ ದೇಮನು ಈ ಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟುಹೋದ ಎಂದು ಪ್ರೇಷಿತ ಪೌಲ ತನ್ನ ಶಿಷ್ಯ ತಿಮೊಥೇಯನಿಗೆ ಬರೆದಾಗ ಬಳಸಿದ್ದೂ ಅದೇ ಪದದ ಕ್ರಿಯಾರೂಪ. ಜನರು ಬೆಳಕಿಗಿಂತ ಕತ್ತಲೆಯನ್ನು ಪ್ರೀತಿಸಿದರು ಎಂದು ಶುಭಸಂದೇಶಕಾರ ಯೊವಾನ್ನ ಬರೆದಲ್ಲಿಯೂ ಅದೇ. ಪದದಲ್ಲಿ ಮಹಿಮೆಯಿಲ್ಲ, ಯಾರನ್ನು ಹೇಗೆ ನಡೆಸಿಕೊಂಡೆವು ಎಂಬುದರಲ್ಲಿ ಇದೆ. ‘ನನ್ನದು ಅಗಾಪೆಯಲ್ಲ’ ಎಂದು ಅಳುವ ಅಗತ್ಯ ನಿಮಗಿಲ್ಲ.

ಇನ್ನು ನಿಮ್ಮನ್ನು ಚುಚ್ಚಿದ ವಾಚನ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ. ನಮ್ಮಲ್ಲಿ ಇದನ್ನು ಹೆಚ್ಚಾಗಿ ಕೇಳುವುದು ಮದುವೆಯ ದಿನ. ಪೌಲ ಬರೆದದ್ದು ಮಾತ್ರ ಪಂಗಡ ಕಟ್ಟಿಕೊಂಡು ಜಗಳವಾಡುತ್ತಿದ್ದ, ಒಬ್ಬರ ಮೇಲೊಬ್ಬರು ದಾವೆ ಹೂಡುತ್ತಿದ್ದ ಒಂದು ಸಭೆಗೆ. ಅಂದರೆ ನಿಮ್ಮಂಥ ಮನೆಗೆ. ಅದರಲ್ಲಿ, ಪ್ರೀತಿಯು ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಕನ್ನಡದಲ್ಲಿ ಓದುವ ಕಡೆ ಗ್ರೀಕ್ ಮೂಲದಲ್ಲಿರುವುದು ಲೆಕ್ಕ ಬರೆಯುವವರ ಪದ. ಕೆಡುಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಖಾತೆಗೆ ಏರಿಸುವುದಿಲ್ಲ ಎಂದು ಅರ್ಥ. ಮರುವಾಕ್ಯವನ್ನೂ ಓದಿ: ಪ್ರೀತಿ ಅನ್ಯಾಯದಲ್ಲಿ ಸಂತೋಷಪಡುವುದಿಲ್ಲ, ಸತ್ಯದಲ್ಲಿ ಸಂತೋಷಪಡುತ್ತದೆ. ಮುಚ್ಚಬೇಕಾದದ್ದು ನೋವಿನ ಖಾತೆಯನ್ನು. ಜಾಗದ ಪಹಣಿಯನ್ನು ಮುಚ್ಚಿ ಎಂದು ಪೌಲ ಹೇಳಿಲ್ಲ.

ನಿಮ್ಮ ಮನೆಯಲ್ಲಿ ಎರಡು ನೋವಿನ ಖಾತೆಗಳು ತೆರೆದಿವೆ. ನಿಮ್ಮದರಲ್ಲಿ ಆರು ವರ್ಷದ ರಾತ್ರಿಗಳು, ಬೆಡ್‌ಪ್ಯಾನು, ಆಸ್ಪತ್ರೆಯ ಓಡಾಟ. ಅಣ್ಣನದರಲ್ಲಿ ಆರು ವರ್ಷದ ಡ್ರಾಫ್ಟುಗಳು, ಮರಳುಗಾಡಿನ ದುಡಿಮೆ, ಬಹುಶಃ ಅಮ್ಮನ ಕೊನೆಯ ದಿನಗಳಲ್ಲಿ ಹತ್ತಿರ ಇರಲಾಗಲಿಲ್ಲ ಎಂಬ ಕೊರಗು. ಗಲ್ಫಿನಿಂದ ಹಣ ಬರುವ, ಊರಿನಲ್ಲಿ ಮಗಳು ಸೇವೆ ಮಾಡುವ ನಮ್ಮ ಕರಾವಳಿಯ ಮನೆಗಳಲ್ಲಿ ಜಗಳ ಹೊತ್ತಿಕೊಳ್ಳುವುದು ಜಾಗದಿಂದಲೇ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಒಳಗೆ ನೋಡಿದರೆ ‘ನಾನು ಮಾಡಿದ್ದನ್ನು ಯಾರೂ ಗುರುತಿಸಲಿಲ್ಲ’ ಎಂಬ ಮಾತು ಎರಡೂ ಕಡೆ ಇರುತ್ತದೆ. ಅದರ ಮೇಲೆ ತವರಿನ ಭಯ ಬೇರೆ: ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಮುಚ್ಚಿತು ಎಂಬುದು. ಇದು ಊರಿನ ರೂಢಿ. ಕ್ರೈಸ್ತ ಬೋಧನೆಯಲ್ಲಿ ಇದಕ್ಕೆ ಬೇರಿಲ್ಲ. (ಆಸ್ತಿ ತಾಯಿಯ ಕಡೆಯಿಂದ ಹೆಣ್ಣಿನ ಸಾಲಿನಲ್ಲಿ ಇಳಿಯುವ ಅಳಿಯಕಟ್ಟಿನ ಮನೆಗಳಿರುವ ತುಳುನಾಡಿನಲ್ಲಿ ಕೂತು, ಹೆಣ್ಣುಮಕ್ಕಳಿಗೆ ಆಸ್ತಿ ಎಂದರೆ ಲೋಕ ಮುಳುಗಿತು ಎನ್ನುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ.)

ಈಗ ಅಣ್ಣ ಎತ್ತಿದ ಶಾಸ್ತ್ರದ ಮಾತಿಗೆ ಬರೋಣ. ಕ್ರೈಸ್ತರು ಕೋರ್ಟಿಗೆ ಹೋಗಬಾರದು ಎಂಬುದು ಕೊರಿಂಥದವರಿಗೆ ಬರೆದ ಅದೇ ಪತ್ರದ 6ನೇ ಅಧ್ಯಾಯದಿಂದ ಬಂದದ್ದು. ‘ಅನ್ಯಾಯವನ್ನು ಯಾಕೆ ಸಹಿಸಿಕೊಳ್ಳಬಾರದು?’ ಎಂದು ಪೌಲ 7ನೇ ವಚನದಲ್ಲಿ ಕೇಳುವುದು ನಿಜ. ಅದನ್ನು ಹಗುರ ಮಾಡಲಾರೆ, ಪೌಲ ನಿಜವಾಗಿಯೂ ನಷ್ಟಕ್ಕೆ ಒಡ್ಡಿಕೊಳ್ಳಿ ಎನ್ನುತ್ತಾನೆ. ಆದರೆ 8ನೇ ವಚನದಲ್ಲಿ ಅವನು ಇನ್ನೊಂದು ಕಡೆಗೆ ತಿರುಗುತ್ತಾನೆ: ನೀವೇ ಅನ್ಯಾಯ ಮಾಡುತ್ತೀರಿ, ಅದೂ ನಿಮ್ಮ ಸಹೋದರರಿಗೆ! 7ನ್ನು ಬಾಯಿಪಾಠ ಮಾಡಿದವರಿಗೆ 8 ನೆನಪಿರುವುದಿಲ್ಲ. ನಷ್ಟ ಸಹಿಸಿಕೊಳ್ಳುವ ತೀರ್ಮಾನ ಸಹಿಸಿಕೊಳ್ಳುವವರದ್ದು. ಅದರಿಂದ ಲಾಭ ಪಡೆಯುವವರು ಬಂದು ‘ನೀನು ಸಹಿಸಿಕೋ’ ಎಂದು ಕೇಳಲಾಗದು. ತ್ಯಾಗವನ್ನು ಕೊಡಬಹುದು, ವಸೂಲಿ ಮಾಡಲಾಗದು.

ಪಾಲು ಕೇಳುವುದೇ ದುರಾಸೆಯೇ? ಲೂಕನ 12ನೇ ಅಧ್ಯಾಯದಲ್ಲಿ ಒಬ್ಬ ಬಂದು ‘ಆಸ್ತಿಯನ್ನು ಪಾಲು ಮಾಡಿಕೊಡುವಂತೆ ನನ್ನ ಅಣ್ಣನಿಗೆ ಹೇಳು’ ಎಂದು ಯೇಸುವನ್ನೇ ಕೇಳುತ್ತಾನೆ. ನನ್ನನ್ನು ನಿಮ್ಮ ಮೇಲೆ ಪಾಲುಗಾರನನ್ನಾಗಿ ನೇಮಿಸಿದವರು ಯಾರು ಎಂದು ಕೇಳಿ ಯೇಸು ಹಿಂದೆ ಸರಿಯುತ್ತಾರೆ; ಆಮೇಲೆ ಎಲ್ಲರಿಗೂ ದುರಾಸೆಯ ಬಗ್ಗೆ ಎಚ್ಚರಿಸುತ್ತಾರೆ. ಆ ಎಚ್ಚರಿಕೆ ಕೇಳುವವರಿಗೆ ಎಷ್ಟೋ ಹಿಡಿದಿಟ್ಟುಕೊಂಡವರಿಗೂ ಅಷ್ಟೇ. ಬೈಬಲಿನ ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಇಡೀ ಸಮುದಾಯದ ಎದುರು ನಿಂತು ತಂದೆಯ ಪಾಲು ಕೇಳುತ್ತಾರೆ, ಅವರ ಮಾತು ನ್ಯಾಯವಾದದ್ದು ಎಂದು ದೇವರೇ ಹೇಳುತ್ತಾರೆ. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ, ಹಾಗಾಗಿ ನಿಮ್ಮ ಪ್ರಕರಣಕ್ಕೆ ಅದು ನೇರ ಹೊಂದುವುದಿಲ್ಲ. ಹೆಣ್ಣು ಎದ್ದು ನಿಂತು ಕೇಳಿದ್ದೇ ಪಾಪ ಎಂಬ ಮಾತಿಗೆ ಮಾತ್ರ ಅದು ಉತ್ತರ.

ಕಾನೂನಿನ ವಿವರವನ್ನು ವಕೀಲರಿಂದಲೇ ಕೇಳಿ. ಎರಡು ಸಂಗತಿ ಮಾತ್ರ ಇಲ್ಲಿ ಹೇಳುತ್ತೇನೆ. ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ ಮಗ, ಮಗಳು ಎಂಬ ಭೇದವಿಲ್ಲ. ತಂದೆಯೂ ಇಲ್ಲದಿರುವುದರಿಂದ ನಿಮ್ಮಿಬ್ಬರಿಗೆ ಅರ್ಧರ್ಧ. ‘ಮದುವೆಗೆ ಕೊಟ್ಟಾಗಿದೆ’ ಎಂಬುದಕ್ಕೂ ಅದೇ ಕಾಯ್ದೆಯ 49ನೇ ಕಲಮಿನಲ್ಲಿ ಉತ್ತರವಿದೆ: ಬದುಕಿದ್ದಾಗ ಮಕ್ಕಳ ಏಳಿಗೆಗೆಂದು ಕೊಟ್ಟದ್ದನ್ನು ಈ ಪಾಲಿನಿಂದ ಕಳೆಯುವಂತಿಲ್ಲ. ಅದೇ ನ್ಯಾಯದಿಂದ ನಿಮ್ಮ ಆರು ವರ್ಷದ ಸೇವೆ ಪಾಲನ್ನು ಹೆಚ್ಚಿಸುವುದೂ ಇಲ್ಲ. ಇದನ್ನು ಮಾತುಕತೆಗೆ ಕೂರುವ ಮೊದಲೇ ಮನಸ್ಸಿಗೆ ತಂದುಕೊಳ್ಳಿ.

ಕ್ಷಮೆಯ ಬಗ್ಗೆ. ಕ್ಷಮಿಸಿದರೆ ಮರೆಯಬೇಕು ಎಂಬುದು ತಪ್ಪು ತಿಳಿವಳಿಕೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ, 2843ನೇ ಸಂಖ್ಯೆಯಲ್ಲಿ, ಆದ ನೋವನ್ನು ಅನುಭವಿಸದಿರುವುದಾಗಲಿ ಮರೆಯುವುದಾಗಲಿ ನಮ್ಮ ಕೈಯಲ್ಲಿಲ್ಲ ಎಂದು ಸ್ಪಷ್ಟವಾಗಿ ಒಪ್ಪಿಕೊಳ್ಳುತ್ತದೆ. ಆ ನೋವನ್ನು ಪ್ರಾರ್ಥನೆಯಾಗಿ ತಿರುಗಿಸಬಹುದು ಎನ್ನುತ್ತದೆ, ಅಷ್ಟೆ. ಆದದ್ದು ದೊಡ್ಡದೇನಲ್ಲ ಎಂದು ಹೇಳಿಕೊಳ್ಳುವುದೂ ಕ್ಷಮೆಯಲ್ಲ. ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿಯಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ಒಬ್ಬ ಸೇವಕ ಇನ್ನೊಬ್ಬನಿಗೆ ಕೊಡಬೇಕಾದದ್ದು ನೂರು ದೆನಾರಿ. ಒಂದು ದೆನಾರಿ ಒಂದು ದಿನದ ಕೂಲಿ. ನೂರೆಂದರೆ ಮೂರು ತಿಂಗಳಿಗೂ ಮೀರಿದ ದುಡಿಮೆ, ಬಡವನಿಗೆ ಸಣ್ಣ ಮೊತ್ತವಲ್ಲ. ಆ ಇನ್ನೊಬ್ಬನಿಗೆ ರಾಜ ಮನ್ನಿಸಿದ ಹತ್ತು ಸಾವಿರ ತಲಾಂತಿನ ಸಾಲದ ಎದುರು ಮಾತ್ರ ಅದು ಸಣ್ಣದು; ಒಂದೊಂದು ತಲಾಂತಿಗೂ ಸುಮಾರು ಆರು ಸಾವಿರ ದೆನಾರಿ.

ಕ್ಷಮೆ ಒಬ್ಬರಿಂದ ಆಗುತ್ತದೆ, ಸಂಧಾನಕ್ಕೆ ಇಬ್ಬರು ಬೇಕು, ನಂಬಿಕೆಗೆ ಕಾಲ ಬೇಕು. ಯೋಸೇಫ ತನ್ನನ್ನು ಗುಲಾಮನಾಗಿ ಮಾರಿದ್ದ ಅಣ್ಣಂದಿರನ್ನು ಅಪ್ಪಿಕೊಂಡದ್ದು ಆದಿಕಾಂಡದ 45ನೇ ಅಧ್ಯಾಯದಲ್ಲಿ. ಅದಕ್ಕೂ ಮುಂಚಿನ ಮೂರು ಅಧ್ಯಾಯಗಳ ಉದ್ದಕ್ಕೂ ಅವರು ಬದಲಾಗಿದ್ದಾರೆಯೇ ಎಂದು ಪರೀಕ್ಷಿಸಿದ. ತಮ್ಮನ ಬದಲು ನಾನು ಗುಲಾಮನಾಗುತ್ತೇನೆ ಎಂದು ಯೆಹೂದ ಮುಂದೆ ಬಂದ ಮೇಲೆಯೇ ಅವನು ತನ್ನ ಗುರುತು ಹೇಳಿದ್ದು. ಇನ್ನೂ ಒಂದು ವಚನ ನಿಮ್ಮ ಕಡೆಗೆ ನಿಲ್ಲುತ್ತದೆ. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬ ಆಜ್ಞೆ ಯಾಜಕಕಾಂಡ 19:18ರಲ್ಲಿದೆ. ಅದರ ಹಿಂದಿನ 17ನೇ ವಚನ, ಸಹೋದರನನ್ನು ಮನಸ್ಸಿನಲ್ಲಿ ದ್ವೇಷಿಸಬೇಡ, ಅವನ ತಪ್ಪನ್ನು ಅವನಿಗೇ ಹೇಳು ಎನ್ನುತ್ತದೆ. ನೇರ ಮಾತು ಪ್ರೀತಿಯ ಪಕ್ಕದ ಮನೆಯಲ್ಲೇ ಇದೆ.

ಹಾಗಾದರೆ ಏನು ಮಾಡಬೇಕು?

ಒಂದು ನೋಟ್‌ಬುಕ್ ತೆಗೆದುಕೊಂಡು ಎದುರುಬದುರಿನ ಎರಡು ಪುಟ ಬರೆಯಿರಿ. ಎಡಕ್ಕೆ ಜಾಗದ ಸಂಗತಿ: ಸರ್ವೆ ನಂಬರು, ಪಹಣಿಯಲ್ಲಿ ಯಾರ ಹೆಸರು, ತೋಟದ ಆದಾಯ ಯಾರು ತೆಗೆದುಕೊಳ್ಳುತ್ತಿದ್ದಾರೆ, ಅಮ್ಮನ ಬ್ಯಾಂಕ್ ಖಾತೆ, ಚಿನ್ನ. ಬಲಕ್ಕೆ ನೋವು: ಯಾರು ಯಾವಾಗ ಏನು ಅಂದರು. ಎಡಪುಟ ಮಾತುಕತೆಯ ಮೇಜಿಗೆ ಹೋಗಲಿ. ಬಲಪುಟ ಪ್ರಾರ್ಥನೆಗೆ, ಪಾಪನಿವೇದನೆಗೆ, ಬೇಕಿದ್ದರೆ ಆಪ್ತಸಮಾಲೋಚಕರ ಬಳಿಗೆ. ಮನೆಮನೆಯ ರಾಜಿ ಪಂಚಾಯಿತಿಗಳು ಕೆಡುವುದು ಸಾಮಾನ್ಯವಾಗಿ ಬಲಪುಟವನ್ನು ಮೇಜಿನ ಮೇಲೆ ತೆರೆದಾಗ. ಸೆಂಟ್ಸಿನ ಲೆಕ್ಕ ಹತ್ತು ನಿಮಿಷದಲ್ಲಿ ಮುಗಿಯುವಂಥದು, ‘ಅಮ್ಮನ ತಿಥಿಗೆ ನೀನು ಎಲ್ಲಿದ್ದೆ’ ಎಂಬುದು ಎಂದೂ ಮುಗಿಯದು.

ಪ್ರತಿದಿನ ಎರಡು ನಿಮಿಷ ಅಣ್ಣನಿಗಾಗಿ ಪ್ರಾರ್ಥಿಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ‘ದೇವರೇ, ಅವನ ಮನಸ್ಸು ಬದಲಿಸು’ ಎಂದು ಕೇಳುವುದು. ಅದು ಪ್ರಾರ್ಥನೆಯ ವೇಷ ಹಾಕಿದ ದೂರು; ಹತ್ತು ದಿನದಲ್ಲಿ ಸಿಟ್ಟು ಇಮ್ಮಡಿಯಾಗುತ್ತದೆ. ಜಗಳಕ್ಕೆ ಸಂಬಂಧವೇ ಇಲ್ಲದ ಒಂದು ಒಳಿತನ್ನು ಕೇಳಿ, ಅವರ ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ ಎಂದೋ, ಮಗಳ ಪಿಯುಸಿ ಪರೀಕ್ಷೆ ಚೆನ್ನಾಗಿ ಆಗಲಿ ಎಂದೋ. ಕೊನೆಗೆ ಒಂದು ‘ಪರಲೋಕ ಮಂತ್ರ’. ಮನಸ್ಸು ಬಾರದಿದ್ದರೂ ಬಾಯಿಯಿಂದ ಹೇಳಿ. ಆರೇಳು ವಾರದ ಹೊತ್ತಿಗೆ ಅಣ್ಣನ ಹೆಸರು ಕೇಳಿದಾಗ ಎದೆಯಲ್ಲಿ ಆಗುವ ಬಿಗಿತ ಕಡಿಮೆಯಾಗಿದೆಯೇ ಎಂದು ನೋಡಿಕೊಳ್ಳಿ. ಆಗದಿದ್ದರೂ ಬಿಡಬೇಡಿ.

ಈ ವಿಷಯವನ್ನು ಯಾರೊಂದಿಗೆ ಮಾತಾಡುತ್ತೀರಿ ಎಂಬುದಕ್ಕೆ ಗಡಿ ಹಾಕಿ: ಗಂಡ, ವಕೀಲರು, ಧರ್ಮಗುರು. ಇಗರ್ಜಿಯ ಅಂಗಳದಲ್ಲಿ ಬೇಡ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ, ರಾತ್ರಿ ಹನ್ನೊಂದಕ್ಕೆ ಕಳಿಸಿದ ಒಂದು ಧ್ವನಿಸಂದೇಶ ಎರಡು ತಲೆಮಾರು ಓಡಾಡುತ್ತದೆ.

ಮಾತುಕತೆಗೆ ಮತ್ತಾಯ 18:15ರಿಂದ 17ರವರೆಗಿನ ಮೂರು ಮೆಟ್ಟಿಲೇ ಸಾಕು. ಮೊದಲು ನೀವಿಬ್ಬರೇ. ಹಬ್ಬದ ದಿನ, ಊಟದ ಹೊತ್ತು, ಅಮ್ಮನ ವಾರ್ಷಿಕ ಪೂಜೆಯ ದಿನ ಬೇಡ. ಆ ಮನೆಯೊಳಗೂ ಬೇಡ, ಅಲ್ಲಿನ ಪ್ರತಿಯೊಂದು ಕುರ್ಚಿಯೂ ಒಂದು ಪಕ್ಷ ಹಿಡಿಯುತ್ತದೆ. ಅರ್ಧ ಗಂಟೆ ಎಂದು ಮೊದಲೇ ಹೇಳಿ ಕೂರಿ. ಶುರುವಿಗೆ ಇಷ್ಟು ಸಾಕು: ‘ಅಣ್ಣಾ, ಆರು ವರ್ಷ ನೀನು ಹಣ ಕಳಿಸದಿದ್ದರೆ ಅಮ್ಮನ ಔಷಧಿ ಆಗುತ್ತಿರಲಿಲ್ಲ. ಅದು ನನಗೆ ಗೊತ್ತು. ನಾನು ಸಹಿ ಹಾಕುವುದಿಲ್ಲ, ಆದರೆ ಮನೆ ನಿನಗೇ ಉಳಿಯುವ ಹಾಗೆ ಒಂದು ದಾರಿ ಹುಡುಕೋಣ.’ ಮತ್ತಾಯ 5:23ನ್ನು ನೆನಪಿಡಿ: ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಹೋಗು ಎನ್ನುವುದು ನಿನಗೆ ಸಹೋದರನ ಮೇಲೆ ದೂರಿದ್ದಾಗಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದಾಗ. ಅವರ ದೂರು ಏನೆಂದು ನೀವೇ ಕೇಳಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.

ಅಲ್ಲಿ ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಳ್ಳಿ. ನಿಮ್ಮ ಗಂಡ ಬೇಡ, ಅತ್ತಿಗೆಯ ತಮ್ಮನೂ ಬೇಡ. ಇಬ್ಬರೂ ಗೌರವಿಸುವ ಸೋದರಮಾವ, ಇಲ್ಲವೇ ವಾಳೆಯ ಗುರ್ಕಾರರು (ಇಗರ್ಜಿಯ ವಾರ್ಡಿನ ಮುಖಂಡರು) ಆದೀತು. ಮೂರನೆಯದು ಧರ್ಮಗುರು. ಇಷ್ಟಕ್ಕೂ ಬಗ್ಗದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ದಾವೆ ಹೂಡುವ ಮೊದಲೇ ರಾಜಿಗೆ ಕರೆಸಬಹುದು. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯ ಬೆಲೆ ಇರುತ್ತದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಅಲ್ಲಿ ಸಹಿ ಹಾಕುವ ಮೊದಲು ಗಡಿಗುರುತು, ದಾರಿ, ಬಾವಿಯ ನೀರಿನ ಹಕ್ಕು ಎಲ್ಲವೂ ಬರಹದಲ್ಲಿವೆಯೇ ನೋಡಿ. ದಾರಿ ಮತ್ತು ಬಾವಿ ಬಿಟ್ಟುಹೋದ ಪಾಲುಪತ್ರಗಳೇ ಮತ್ತೆ ಜಗಳ ತರುವುದು.

ಎಷ್ಟಕ್ಕೆ ಒಪ್ಪಬೇಕೆಂಬುದು ನಿಮಗೆ ಬಿಟ್ಟದ್ದು. ಪೂರ್ತಿ ಬಿಟ್ಟುಕೊಡುವುದೂ ಒಂದು ದಾರಿ, ಪವಿತ್ರವಾದ ದಾರಿಯೇ. ಅದಕ್ಕೆ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಸಹಿ ಹಾಕಿದ ಮರುವರ್ಷ ಅಣ್ಣ ಆ ಜಾಗವನ್ನು ಬಿಲ್ಡರಿಗೆ ಮಾರಿದರೆ ನನಗೆ ನಿದ್ದೆ ಬರುತ್ತದೆಯೇ? ಬರುತ್ತದೆ ಎಂದಾದರೆ ಕೊಡಿ. ಇಲ್ಲವಾದರೆ ನೀವು ಕೊಡುತ್ತಿರುವುದು ದಾನವಲ್ಲ, ಅಣ್ಣನ ಪ್ರೀತಿಗೆ ಕಟ್ಟುತ್ತಿರುವ ಮುಂಗಡ. ಆ ಪ್ರೀತಿ ಬಾರದಿದ್ದಾಗ ಕಹಿ ಈಗಿರುವುದಕ್ಕಿಂತ ಹೆಚ್ಚಾಗುತ್ತದೆ. ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಪಶ್ಚಾತ್ತಾಪದಿಂದ ರದ್ದಾಗುವುದೂ ಇಲ್ಲ. ನಡುವಿನ ದಾರಿ ನನಗೆ ಹೆಚ್ಚು ಇಷ್ಟ. ಮನೆ ಮತ್ತು ಸುತ್ತಲಿನ ಜಾಗ ಅಣ್ಣನಿಗೆ, ತೋಟದಲ್ಲಿ ಒಂದು ಭಾಗ ನಿಮಗೆ, ಅಥವಾ ಅದರ ಬೆಲೆ ಕಂತುಗಳಲ್ಲಿ. ಬೆಲೆಗೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರವನ್ನೂ ಪೇಟೆ ದರವನ್ನೂ ಎದುರಿಗಿಟ್ಟುಕೊಳ್ಳಿ, ಎರಡರ ನಡುವೆ ಅಂತರ ಇರುತ್ತದೆ. ಅರ್ಧಕ್ಕಿಂತ ಸ್ವಲ್ಪ ಕಡಿಮೆಗೆ ಒಪ್ಪಿದರೆ ಆ ಕಡಿಮೆಯಾದಷ್ಟು ಭಾಗ ನಿಮ್ಮ ನಿಜವಾದ ಉಡುಗೊರೆ, ಯಾಕೆಂದರೆ ಅದು ನಿಮ್ಮದೆಂದು ಒಪ್ಪಿಗೆಯಾದ ಮೇಲೆ ಕೊಟ್ಟದ್ದು.

ಪಾಲು ವಿಭಾಗದ ದಾವೆ ಕೊನೆಯ ದಾರಿ. ವರ್ಷಗಟ್ಟಲೆ ಎಳೆಯುತ್ತದೆ, ಆ ವರ್ಷಗಳಲ್ಲಿ ಮಕ್ಕಳು ದೊಡ್ಡವರಾಗಿಬಿಡುತ್ತಾರೆ. ಹೂಡಲೇಬೇಕಾಗಿ ಬಂದರೂ ಪ್ರೀತಿಯ ಆಜ್ಞೆ ನ್ಯಾಯಾಲಯದ ಬಾಗಿಲಲ್ಲಿ ನಿಂತುಬಿಡುವುದಿಲ್ಲ. ಅರ್ಜಿಯಲ್ಲಿ ಸುಳ್ಳು ಸೇರಿಸಬೇಡಿ, ಒತ್ತಡಕ್ಕೆಂದು ಪೊಲೀಸ್ ದೂರು ಕೊಡಬೇಡಿ, ಅತ್ತಿಗೆಯ ನಡತೆಯ ಬಗ್ಗೆ ಒಂದಕ್ಷರ ಬರೆಯಬೇಡಿ. ಏನೂ ಮಾಡದೆ ಸುಮ್ಮನಿರುವುದನ್ನು ತಾಳ್ಮೆ ಎಂದುಕೊಳ್ಳಬೇಡಿ, ಅಷ್ಟರಲ್ಲಿ ಖಾತೆ ಬದಲಾಗಿ ಜಾಗ ಮೂರನೆಯವರ ಕೈಗೆ ಹೋದರೆ ಬಿಡಿಸುವುದು ಕಷ್ಟ. ಮಾತಿನ ನಡುವೆ ಯಾರಾದರೂ ಕೈ ಎತ್ತಿದರೆ, ಬೆದರಿಸಿದರೆ ಈ ಮೆಟ್ಟಿಲುಗಳನ್ನೆಲ್ಲ ಬಿಟ್ಟು ರಕ್ಷಣೆ ಪಡೆಯಿರಿ. ತಾಳ್ಮೆಯೆಂದರೆ ನಿರಂತರ ದೌರ್ಜನ್ಯವನ್ನು ಸಹಿಸುವುದಲ್ಲ ಎಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ಕೊರಿಂಥದ ಪತ್ರದ ಇದೇ 13ನೇ ಅಧ್ಯಾಯವನ್ನು ವಿವರಿಸುತ್ತಾ ಬರೆದಿದ್ದಾರೆ.

ಮಕ್ಕಳ ವಿಷಯ. ಸೆಪ್ಟೆಂಬರ್ 8ಕ್ಕೆ ತೆನೆ ಹಬ್ಬ, ಅಂದರೆ ಮಾತೆ ಮರಿಯಳ ಜನ್ಮದಿನದ ಮೊಂತಿ ಫೆಸ್ತ್. ಮೊಂತಿ ಫೆಸ್ತಿನ ಹೊಸ ಅಕ್ಕಿಯನ್ನು ದೂರದಲ್ಲಿರುವ ಮನೆಮಂದಿಗೆ ಅಂಚೆಯಲ್ಲಾದರೂ ಕಳಿಸುವ ಪದ್ಧತಿ ನಮ್ಮಲ್ಲಿದೆ. ಕುವೈತಿಗೆ ಅಮ್ಮ ಕಳಿಸಿರಲೂಬಹುದು. ಈ ವರ್ಷ ಆಶೀರ್ವದಿಸಿದ ತೆನೆಯಿಂದ ನಾಲ್ಕು ಕಾಳು ಲಕೋಟೆಗೆ ಹಾಕಿ, ಮಕ್ಕಳ ಹೆಸರು ಬರೆದು ಅಣ್ಣನ ಮನೆಗೆ ಕೊಡಿ. ಜೊತೆಗೆ ಚೀಟಿ ಬೇಡ, ಸೀರೆ, ಸಿಹಿ ಬೇಡ. ದೊಡ್ಡ ಉಡುಗೊರೆಯನ್ನು ಈ ಹೊತ್ತಿನಲ್ಲಿ ಲಂಚ ಎಂದೇ ಓದುತ್ತಾರೆ. ಬಾಗಿಲು ತೆರೆಯದಿದ್ದರೆ ಜಗಲಿಯ ಮೇಲಿಟ್ಟು ಬನ್ನಿ.

ಕೊನೆಗೆ ಪರಮ ಪ್ರಸಾದ. ಸಿಟ್ಟು, ನೋವು, ಕಂಡಾಗ ಮುಖ ತಿರುಗಿಸಬೇಕೆನಿಸುವುದು ತಮ್ಮಷ್ಟಕ್ಕೆ ಪಾಪವಲ್ಲ. ಅಣ್ಣನಿಗೆ ದೊಡ್ಡ ಕೇಡಾಗಲಿ ಎಂದು ತಿಳಿದೂ ತಿಳಿದೂ ಬಯಸಿದ್ದರೆ ಅದು ಗಂಭೀರ ಪಾಪ, ಅದಕ್ಕೆ ಪಾಪನಿವೇದನೆ ಇದೆ. ನಿಮ್ಮ ಪತ್ರದಲ್ಲಿ ಅಂಥ ಬಯಕೆ ನನಗೆ ಕಾಣಲಿಲ್ಲ. ಪ್ರೀತಿ ಹುಟ್ಟುತ್ತಿಲ್ಲ ಎಂದು ಅಳುವವರು ಕೇಡು ಬಯಸುವವರಲ್ಲ. ಶಾಂತಿ ಕೋರುವುದನ್ನು ಹತ್ತಿರದವರಿಗೆ ಮಾಡಿದರೆ ಸಾಕು ಎಂಬುದೇ ಪೂಜಾವಿಧಿಯ ನಿಯಮ, ಎರಡು ಬೆಂಚು ದಾಟಿ ಹೋಗಬೇಕಿಲ್ಲ. ಪಕ್ಕದವರಿಗೆ ಕೈ ಮುಗಿಯಿರಿ. ಅಣ್ಣ ಅಕಸ್ಮಾತ್ ಹಿಂತಿರುಗಿ ನೋಡಿದರೆ ಅದೇ ಮುಗಿದ ಕೈಯಲ್ಲಿ ತಲೆ ಬಾಗಿಸಿ. ಈ ಶನಿವಾರ ಧರ್ಮಗುರುಗಳನ್ನು ಕಂಡು ಪಾಪನಿವೇದನೆ ಮಾಡಿ, ಭಾನುವಾರ ಪರಮ ಪ್ರಸಾದ ಸ್ವೀಕರಿಸಿ. ಅಣ್ಣ ಸಹಿ ಕೇಳಿದ ಕಾಗದ ಅದಕ್ಕೆ ಅಡ್ಡಿಯಲ್ಲ.